ತಪಾಸಣೆ ಆಗಿದೆ

ಜೂನ್ 3

ಅಕ್ಕ,

ಇವತ್ತು ಆರು ಜನ ದೊಡ್ಡ ಮನುಷ್ಯರ ಕಾಲುಚೀಲ ಝಾಡಿಸಿ ನೋಡಿದ್ದೇನೆ. ಊಟ ಸೇರುತ್ತಿಲ್ಲ, ಅದಕ್ಕೇ ನಿನಗೆ ಕಾಗದ ಬರೆಯುತ್ತಾ ಕುಳಿತೆ.

ದಡದ ಮುಖ್ಯ ಕಚೇರಿಯಿಂದ ಪಕ್ಷಿ ನೋಡಲು ಬಂದವರಂತೆ. ಒಬ್ಬರ ಕಾಲುಚೀಲದಲ್ಲಿ ಹದಿನೇಳು ಹುಲ್ಲಿನ ಬೀಜ, ಇನ್ನೊಬ್ಬರ ಬೂಟಿನ ಅಡಿಯಲ್ಲಿ ಅಂಗೈಯಷ್ಟು ಮಣ್ಣು, ಮೂರನೆಯವರ ಕೋಟಿನ ಜೇಬಿನಲ್ಲಿ ಅರ್ಧ ತಿಂದ ಸೇಬು. ಸೇಬಿನ ಒಳಗೆ ಹುಳ. ಥೂ! ಕೈಗವಸು ಹಾಕಿಕೊಂಡು ಅದನ್ನು ಎತ್ತಿ ಹಿಡಿದರೆ, ಆ ಮಹಾಶಯರು ಹಲ್ಲು ಕಿರಿದು, "ಒಂದು ಹುಳದಿಂದ ಏನು ಪ್ರಳಯ ಆಗುತ್ತಾ?" ಅಂದರು. "ಆಗುತ್ತೆ ಸರ್" ಅಂದೆ. ನಮ್ಮ ಮುಖ್ಯಸ್ಥರು, ಅದೇ, ಮಾತಿಗೆ ಮೊದಲು ಮೂರು ಸಲ ಕೆಮ್ಮುವ ಕೆಮ್ಮು ಸಾಹೇಬರು, ನನ್ನ ಹಿಂದೆ ನಿಂತು ಕೆಮ್ಮಿಯೇ ಕೆಮ್ಮಿದರು.

ನನ್ನ ಕೆಲಸ ಏನು ಎಂದು ನೀನು ಪ್ರತಿ ಸಲ ಕೇಳುತ್ತೀಯ, ಪ್ರತಿ ಸಲ ಮರೆಯುತ್ತೀಯ. ಕೇಳು. ಹಡಗುಕಟ್ಟೆಯ ಪಕ್ಕದಲ್ಲಿ ಒಂದು ಕಿಟಕಿಯಿಲ್ಲದ ಕೋಣೆ, ಕಬ್ಬಿಣದ ಬಾಗಿಲು. ದ್ವೀಪಕ್ಕೆ ಬರುವ ಪ್ರತಿ ಮೂಟೆ, ಪ್ರತಿ ಚೀಲ ಮೊದಲು ಆ ಕೋಣೆಗೆ. ನಾನು ಒಬ್ಬಳೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಒಂದೊಂದೇ ಬಿಚ್ಚಬೇಕು. ಏನಾದರೂ ಹರಿದಾಡಿದರೆ ಅದು ಅಲ್ಲಿಯೇ ಸಾಯಬೇಕು. ಬಟ್ಟೆ ಬಂದರೆ ಎರಡು ದಿನ ಫ್ರೀಜರ್‌ನಲ್ಲಿ. ಹೊರಗೆ ತೆಗೆದಾಗ ರೇಷ್ಮೆಗೂ ಗೋಣಿಗೂ ಒಂದೇ ವಾಸನೆ, ಮೀನಿನ ಪೆಟ್ಟಿಗೆಯದು. ಆಮೇಲೆ ಪುಸ್ತಕದಲ್ಲಿ "ತಪಾಸಣೆ ಆಗಿದೆ" ಎಂದು ಬರೆದು ಸಹಿ. ಇದೆಲ್ಲ ಓಡುಕೋಳಿಗಾಗಿ. ಕೋಳಿಮರಿಗಿಂತ ಚಿಕ್ಕದು, ಕಂದು ಬಣ್ಣ, ರೆಕ್ಕೆ ಇದ್ದೂ ಹಾರಲು ಬಾರದು. ನೆಲದಲ್ಲೇ ಗೂಡು, ನೆಲದಲ್ಲೇ ನಿದ್ದೆ. ಈ ದ್ವೀಪ ಬಿಟ್ಟರೆ ಭೂಮಿಯ ಮೇಲೆ ಎಲ್ಲೂ ಇಲ್ಲ. ಹೋದ ತಿಂಗಳ ಎಣಿಕೆಯಲ್ಲಿ ಇನ್ನೂರ ಆರು. ಇಲಿ ಎಂದರೇನು ಎಂದೇ ಅವಕ್ಕೆ ಗೊತ್ತಿಲ್ಲ. ಹೊಸದೇನು ಕಂಡರೂ ಹತ್ತಿರ ಬಂದು ಕತ್ತು ಓರೆ ಮಾಡಿ ನೋಡುತ್ತವೆ, ಪೆದ್ದು ಮುಂಡೇವು.

ಅವಕ್ಕೆ ಇಲ್ಲಿ ಒಬ್ಬನೇ ನೆಂಟ, ನಮ್ಮ ಅಡುಗೆಯವರು. ಹತ್ತೊಂಬತ್ತು ವರ್ಷದಿಂದ ಇಲ್ಲಿದ್ದಾರೆ. ಅಡುಗೆಮನೆಯ ಮೆಟ್ಟಿಲ ಮೇಲೆ ಕೂತು ನಾಲಿಗೆಯಲ್ಲಿ ಲೊಚ್ ಲೊಚ್ ಮಾಡಿದರೆ ಪೊದೆಯೊಳಗಿಂದ ಓಡಿ ಬರುತ್ತವೆ. ನಾನು ಮಾಡಿದರೆ ಒಂದೂ ಬರುವುದಿಲ್ಲ.

ಒಂದು ಬೇಡಿಕೆ. ಅಮ್ಮನ ಬೂದು ಸ್ವೆಟರ್ ನಿನ್ನ ಬಳಿ ಇದೆಯಲ್ಲ, ಕಳಿಸುತ್ತೀಯಾ? ಹೋದ ವರ್ಷ ಅಮ್ಮ ತೀರಿಕೊಂಡಾಗ ಹಡಗು ಸಿಗದೆ ಮುಖ ನೋಡಲು ಆಗಲಿಲ್ಲ. ಅದಾದರೂ ಇರಲಿ. ಸುತ್ತಲೂ ಹುಲ್ಲು, ಹೊಟ್ಟು ತುಂಬಬೇಡ, ಕಾನೂನು.

ನಿನ್ನ
ಸಿಡುಕಿ


ಜುಲೈ 11

ಸಿಡುಕಿ,

ಹುಟ್ಟಿದಾಗಿನಿಂದ ಮೂಗು ಮುರಿಯುವುದೇ ಕೆಲಸವಾಗಿದ್ದ ನಿನಗೆ ಸರ್ಕಾರ ಅದಕ್ಕೇ ಸಂಬಳ ಕೊಡುತ್ತಿದೆಯಲ್ಲ, ಪುಣ್ಯವಂತೆ ಬಿಡು. ನಿನ್ನ ಭಾವನಿಗೆ ಕಾಲುಚೀಲದ ಕಥೆ ಓದಿ ಹೇಳಿದೆ. ಅವತ್ತಿನಿಂದ ಬೈಂಡಿಂಗ್ ಅಂಗಡಿಗೆ ಯಾರು ಬಂದರೂ ಕಾಲು ನೋಡುತ್ತಾರೆ.

ಸ್ವೆಟರ್ ಕಳಿಸಿದ್ದೇನೆ. ತೊಳೆದಿಲ್ಲ ಕಣೇ. ತೊಳೆಯಲು ಎರಡು ಸಲ ಬಕೆಟ್ಟಿಗೆ ಹಾಕಿ ಎರಡು ಸಲವೂ ಎತ್ತಿಬಿಟ್ಟೆ. ಕುತ್ತಿಗೆಯ ಹತ್ತಿರ ಮೂಸಿ ನೋಡು, ಅಮ್ಮ ಹಚ್ಚಿಕೊಳ್ಳುತ್ತಿದ್ದ ನೋವಿನ ಎಣ್ಣೆಯ ವಾಸನೆ ಹಾಗೇ ಇದೆ. ಜೊತೆಗೆ ಆರು ಪ್ಯಾಕೆಟ್ ಬಿಸ್ಕತ್ತು, ಒಂದು ಜೊತೆ ಉಣ್ಣೆಯ ಕೈಗವಸು, ನಿನ್ನ ಹಳೆಯ ಕನ್ನಡಕದ ಗೂಡು.

ಹುಲ್ಲು ಬೇಡ ಎಂದೆಯಲ್ಲ, ಅದಕ್ಕೆ ಕಾಗದದ ಚೂರು ತುಂಬಿದ್ದೇನೆ. ಶಾಲೆಯವರ ಹಳೆಯ ಹಾಜರಿ ಪುಸ್ತಕಗಳನ್ನು ಮತ್ತೆ ಕಟ್ಟಲು ತಂದಿದ್ದಾರೆ. ಅವುಗಳ ಕೆಂಪು ಅಂಚು ಸವರಿದಾಗ ಉದುರಿದ ಚೂರು, ಕಟಿಂಗ್ ಮಷಿನ್ನಿನ ಹಿಂದೆ ಗುಡ್ಡೆ ಬಿದ್ದಿತ್ತು. ಎರಡು ತೋಳು ತುಂಬ ಬಾಚಿ ಪೆಟ್ಟಿಗೆಗೆ ತುರುಕಿದೆ. ಮೆತ್ತಗೆ, ಬೆಚ್ಚಗೆ, ನಿನ್ನ ಕಾನೂನಿಗೂ ಒಪ್ಪಿಗೆ.

ಭಾವ ಒಂದು ಬೆಕ್ಕು ಸಾಕೋಣ ಎನ್ನುತ್ತಾರೆ. ಅಂಗಡಿಯಲ್ಲಿ ಬೆಕ್ಕು ಎಂದರೆ ಗಿರಾಕಿಗಳು ಏನೇನೋ ತಿಳಿದುಕೊಳ್ಳುತ್ತಾರೆ, ಬೇಡ ಎಂದೆ.

ಹೊಟ್ಟೆ ತುಂಬ ತಿನ್ನು. ಬೇರೆಯವರ ಕಾಲುಚೀಲ ಮೂಸಿದ ಮೇಲೆ ಕೈ ತೊಳೆ.

ಅಕ್ಕ


ಜುಲೈ 18

ಅಕ್ಕ,

ಪೆಟ್ಟಿಗೆ ಬಂತು. ತಪಾಸಣೆ ಎಲ್ಲ ಮುಗಿಸಿಯೇ ಕೋಣೆಗೆ ತಂದೆ. ಸ್ವೆಟರಿನ ಕುತ್ತಿಗೆ ಮೂಸಿದೆ. ನೀನು ಹೇಳಿದಂತೆ ಎಣ್ಣೆಯ ವಾಸನೆ ಹಾಗೇ ಇದೆ. ಅದನ್ನು ಮುಖದ ಮೇಲೆ ಹಾಕಿಕೊಂಡು ಎಷ್ಟು ಹೊತ್ತು ಮಲಗಿದ್ದೆನೋ ಗೊತ್ತಿಲ್ಲ. ಇಷ್ಟು ಸಾಕು, ಹೆಚ್ಚು ಬರೆದರೆ ಅಳು ಬರುತ್ತದೆ.

ಬಿಸ್ಕತ್ತಿನ ಒಂದು ಪ್ಯಾಕೆಟ್ಟಿನ ಮೂಲೆ ಹರಿದು ಎರಡು ಬಿಸ್ಕತ್ತು ಪುಡಿಯಾಗಿತ್ತು. ನೀನೇ ಕಟ್ಟುವಾಗ ಕದ್ದು ತಿಂದೆಯಾ, ಹೊಟ್ಟೆಬಾಕಿ?

ಇಲ್ಲಿ ಅಡುಗೆಯವರ ಮೇಲೆ ಕೂಗಾಡಿ ಗಂಟಲು ಕಟ್ಟಿದೆ. ಹಡಗಿನಿಂದ ಇಳಿದ ಹಿಟ್ಟಿನ ಮೂಟೆಯನ್ನು ತಪಾಸಣೆ ಕೋಣೆಗೆ ತರುವ ಮೊದಲು ಅರ್ಧ ಗಂಟೆ ಅಡುಗೆಮನೆಯ ಮೆಟ್ಟಿಲ ಮೇಲೆ ಇಟ್ಟಿದ್ದರು. "ಮಳೆ ಬಂತು ಮೇಡಂ, ಹಿಟ್ಟು ನೆನೆದು ಹೋಗ್ತಿತ್ತು" ಅಂತೆ. "ಹಿಟ್ಟು ನೆಂದರೆ ಬೇರೆ ಹಿಟ್ಟು ಬರುತ್ತೆ, ಹಕ್ಕಿ ಹೋದರೆ ಬೇರೆ ಹಕ್ಕಿ ಬರುತ್ತಾ?" ಎಂದು ಎಲ್ಲರ ಮುಂದೆ ಕೇಳಿದೆ. ತಲೆ ತಗ್ಗಿಸಿ ನಿಂತರು. ಮೂಟೆ ಬಿಚ್ಚಿ ನೋಡಿದೆ, ಏನೂ ಇರಲಿಲ್ಲ. ಆದರೂ ತಪ್ಪು ತಪ್ಪೇ. ಹತ್ತೊಂಬತ್ತು ವರ್ಷ ಇದ್ದವರಿಗೇ ಈ ಉದಾಸೀನ ಎಂದರೆ ಹೇಸಿಗೆಯಾಗುತ್ತದೆ.

ಮರಿಗಳು ಹೊರಬರುವ ಕಾಲ. ನಿನ್ನೆ ಒಂದು ಗೂಡಿನಲ್ಲಿ ಎರಡು ಮರಿ ನೋಡಿದೆ, ಕರಿ ಹತ್ತಿಯ ಉಂಡೆಗಳು.

ಸಿಡುಕಿ


ಆಗಸ್ಟ್ 24

ಸಿಡುಕಿ,

ನಾನು ಕದ್ದು ತಿಂದೆನಂತೆ! ಚಿಕ್ಕಂದಿನಲ್ಲಿ ಬೆಲ್ಲದ ಡಬ್ಬಿ ಖಾಲಿ ಮಾಡಿ ಬೆರಳು ನನ್ನ ಕಡೆ ತೋರಿಸಿದವಳು ಯಾರು? ಆರು ಪ್ಯಾಕೆಟ್ಟೂ ಅಂಗಡಿಯಿಂದ ತಂದ ಹಾಗೇ ಇಟ್ಟಿದ್ದೇನೆ. ಹಡಗಿನವರು ಕೈ ಹಾಕಿರಬೇಕು. ಇನ್ನು ಮುಂದೆ ತಿನ್ನುವುದು ಏನೂ ಕಳಿಸುವುದಿಲ್ಲ, ಆಯಿತಾ?

ಅಂಗಡಿ ಪರವಾಗಿಲ್ಲ. ಹಾಜರಿ ಪುಸ್ತಕಗಳಲ್ಲಿ ಹನ್ನೆರಡು ಹಾಳಾದವು, ಶಾಲೆಯವರು ವಾಪಸ್ಸು ಕಳಿಸಿದರು. ಅಂಟು ಸರಿಯಿರಲಿಲ್ಲ.

ಅಡುಗೆಯವರ ಮೇಲೆ ಹಾಗೆ ಎಲ್ಲರ ಮುಂದೆ ಹಾರಾಡಬೇಡ. ವಯಸ್ಸಾದವರು.

ಅಕ್ಕ


ಅಕ್ಟೋಬರ್ 6

ಸಿಡುಕಿ,

ಹಡಗು ಬಂತು, ನಿನ್ನ ಕಾಗದ ಬರಲಿಲ್ಲ. ಬಿಸ್ಕತ್ತಿನ ಮಾತಿಗೆ ಇನ್ನೂ ಮುನಿಸಾ? ನಾನು ತಮಾಷೆಗೆ ಬೈದದ್ದು ಕಣೇ. ಹೋಗಲಿ, ಈ ಸಲ ಎರಡು ಗೆರೆಯಾದರೂ ಬರೆ.

ಅಕ್ಕ


ನವೆಂಬರ್ 21

ಅಕ್ಕ,

ಮುನಿಸಲ್ಲ. ಬರೆಯುವ ಕೈಯಿಂದ ಸತ್ತ ಮರಿಗಳನ್ನು ಹೆಕ್ಕುತ್ತಿದ್ದೆ.

ದ್ವೀಪಕ್ಕೆ ಇಲಿ ಬಂದಿದೆ. ದೊಡ್ಡದಲ್ಲ, ಹೆಬ್ಬೆರಳಿನಷ್ಟಿರುವ ಮನೆಯಿಲಿ. ಹೋದ ತಿಂಗಳು ಒಂದು ಗೂಡಿನ ಹತ್ತಿರ ಬಗ್ಗಿದರೆ ಮರಿಯೊಂದು ಕತ್ತೆತ್ತಿ ನನ್ನನ್ನು ನೋಡಿತು. ಅದರ ಬೆನ್ನು ಇರಲಿಲ್ಲ ಅಕ್ಕ. ಹಿಂದಿನಿಂದ ತಿಂದು ಹೋಗಿದ್ದವು, ಅದಿನ್ನೂ ಉಸಿರಾಡುತ್ತಿತ್ತು. ಅಲ್ಲೇ ಕೂತು ವಾಂತಿ ಮಾಡಿದೆ. ದೊಡ್ಡ ಹಕ್ಕಿಗಳೂ ಅಷ್ಟೇ. ಕೂತಲ್ಲೇ ಕೂತಿರುತ್ತವೆ, ಇಲಿ ಹತ್ತಿ ಕಡಿಯುತ್ತಿದ್ದರೂ ಓಡಬೇಕೆಂದು ತೋಚುವುದಿಲ್ಲ. ಬೆಳಗ್ಗೆ ಹೋದರೆ ಎಣಿಕೆಗೆಂದು ನಾವು ತೊಡಿಸಿದ ಕಾಲಿನ ಬಳೆ ಮಾತ್ರ ಸಿಗುತ್ತದೆ. ಈ ವಾರದ ಎಣಿಕೆ ನೂರ ನಲವತ್ತು.

ಹೇಗೆ ಬಂತು ಎಂದು ವರದಿ ಬರೆಯಲು ಕೆಮ್ಮು ಸಾಹೇಬರು ನನಗೇ ಹೇಳಿದರು. ತಪಾಸಣೆಯವಳು ನಾನೇ ಅಲ್ಲವಾ. ಜುಲೈ ತಿಂಗಳ ಹಿಟ್ಟಿನ ಮೂಟೆ ಎಂದು ಬರೆದೆ. ಮತ್ತೇನು? ಅರ್ಧ ಗಂಟೆ ಹೊರಗೆ ಇಟ್ಟವರು ಯಾರು? ಎಷ್ಟು ಸಲ ಬಡಕೊಂಡಿದ್ದೆ! ಅಡುಗೆಯವರನ್ನು ಕರೆದು ಓದಿ ಹೇಳಿದೆ. ಅವರು ಗೋಡೆಗೆ ಒರಗಿ ಕೇಳಿದರು. ಆಮೇಲೆ, "ನಿಮ್ಮ ಕಣ್ಣು ತಪ್ಪಲ್ಲ ಬಿಡಿ ಮೇಡಂ. ನನ್ನ ಮೂಟೇಲೇ ಬಂದಿರ್ಬೇಕು" ಎಂದು ಕೆಳಗೆ ಸಹಿ ಹಾಕಿಬಿಟ್ಟರು. ಒಂದು ಮಾತು ಎದುರಾಡಬಾರದಾ? ಆ ಮನುಷ್ಯನ ದೈನ್ಯ ನೋಡಿ ಮೈಯೆಲ್ಲ ಉರಿಯಿತು.

ಅವರನ್ನು ಕೆಲಸದಿಂದ ತೆಗೆದಿದ್ದಾರೆ. ನಾಳೆಯ ಹಡಗಿಗೆ ಹೊರಡುತ್ತಾರೆ. ನಿನ್ನೆ ಬಂದು, "ಮೇಡಂ, ಇನ್ನೆರಡು ತಿಂಗಳು ನನ್ನನ್ನ ಇಟ್ಕೊಳ್ಳಿ. ಸಂಬಳ ಬೇಡ. ಒಂದೊಂದಾಗಿ ಕರೆದು ಹಿಡಿದುಕೊಡ್ತೀನಿ, ತಂತಿ ಗೂಡಲ್ಲಿಟ್ಟು ಕಾಪಾಡಿ. ಬೇರೆ ಯಾರು ಕರೆದ್ರೂ ಅವು ಬರಲ್ಲ" ಎಂದರು. ವರದಿಯಲ್ಲಿ ಹೆಸರು ಬಂದವರನ್ನು ಇಟ್ಟುಕೊಳ್ಳಲು ಆಗುವುದಿಲ್ಲ, ಹಕ್ಕಿ ಹಿಡಿಯಲು ನಾವು ಬೋನು ಇಡುತ್ತೇವೆ ಎಂದೆ.

ಈ ಕಾಗದ ಅವರ ಕೈಯಲ್ಲೇ ಕಳಿಸುತ್ತಿದ್ದೇನೆ, ಬಂದರಿನಿಂದ ಅಂಚೆಗೆ ಹಾಕುತ್ತಾರೆ. ಅಂಟು ಹಾಕಿದ್ದೇನೆ.

ನಿನ್ನ ಅಂಗಡಿಯಲ್ಲಿ ಇಲಿ ಇದೆಯಾ? ಸುಮ್ಮನೆ ಕೇಳಿದೆ.

ಸಿಡುಕಿ


ಡಿಸೆಂಬರ್ 28

ಸಿಡುಕಿ,

ನಿನ್ನ ಕಾಗದ ಅಂಚೆಯಲ್ಲಿ ಬರಲಿಲ್ಲ. ಅಡುಗೆಯವರೇ ಹುಡುಕಿಕೊಂಡು ಬಂದು ಕೈಗೆ ಕೊಟ್ಟರು. ಬಂದರಿನ ಬಸ್ಸು ನಮ್ಮ ರಸ್ತೆಯ ತುದಿಯಲ್ಲೇ ನಿಲ್ಲುತ್ತದಲ್ಲ. "ಮೇಡಂ ಅಕ್ಕ ಅಂದ್ರೆ ನನಗೂ ನೋಡ್ಬೇಕು ಅನ್ನಿಸ್ತು" ಎಂದರು. ಕೈಯಲ್ಲಿ ಒಂದು ತಗಡಿನ ಪೆಟ್ಟಿಗೆ, ಮೈಮೇಲೆ ಒಂದು ತೆಳ್ಳಗಿನ ಅಂಗಿ. ಹತ್ತೊಂಬತ್ತು ವರ್ಷದ ಸಾಮಾನು ಅಷ್ಟೇ. ಸ್ಟೂಲಿನ ಮೇಲೆ ಕೂರಿಸಿ ಟೀ ಕೊಟ್ಟೆ. ನಿನ್ನನ್ನು ಹೊಗಳಿದರು ಕಣೇ. "ಅವರಷ್ಟು ಚೊಕ್ಕ ಕೆಲಸ ಮಾಡೋರನ್ನ ನಾನು ನೋಡಿಲ್ಲ" ಎಂದರು.

ಹಾಗೆ ಹೇಳುತ್ತಿದ್ದವರು ಮಾತು ನಿಲ್ಲಿಸಿ ನೆಲ ನೋಡಿದರು. ಬಗ್ಗಿ ಒಂದು ಹಿಡಿ ಕಾಗದದ ಚೂರು ಎತ್ತಿಕೊಂಡರು, ಕೆಂಪು ಅಂಚಿನದು. ಬೆರಳಿನಲ್ಲಿ ತಿರುವಿ ತಿರುವಿ ನೋಡಿದರು. ಆಮೇಲೆ ಮೆಲ್ಲಗೆ, "ಇಲ್ಲಿ ಇಲಿ ಇದೆಯಾ ಅಮ್ಮ?" ಎಂದರು. "ಇಲ್ಲಪ್ಪ" ಎಂದೆ. ನನ್ನ ಗ್ರಹಚಾರ, ಅದೇ ಹೊತ್ತಿಗೆ ಕಟಿಂಗ್ ಮಷಿನ್ನಿನ ಕೆಳಗೆ ಭಾವ ಇಟ್ಟಿದ್ದ ಬೋನಿನ ಬಾಗಿಲು ಠಪ್ ಎಂದು ಬಿತ್ತು. "ಅದು ರಟ್ಟು ಬಿದ್ದಿದ್ದು" ಎಂದೆ. "ಸರಿ ಅಮ್ಮ. ಇಲಿ ಎಲ್ಲೂ ಇರಲ್ಲ. ಎಲ್ಲಾ ನನ್ನ ಹಿಟ್ಟಿನ ಮೂಟೇಲೇ ಇದ್ದಿದ್ದು" ಎಂದು ಲೋಟ ಕೆಳಗಿಟ್ಟು ಎದ್ದು ಹೋದರು. ಟೀ ಅರ್ಧಕ್ಕರ್ಧ ಹಾಗೇ ಇತ್ತು.

ನೀನು ಸುಮ್ಮನೆ ಕೇಳಿದ್ದಕ್ಕೆ ನಾನು ಸುಮ್ಮನೆ ಹೇಳುತ್ತೇನೆ. ಇದೆ. ಬೇಸಿಗೆಯಿಂದ ಇದೆ. ಹಾಜರಿ ಪುಸ್ತಕ ಹಾಳಾದದ್ದು ಅಂಟಿನಿಂದಲ್ಲ, ಇಲಿ ಕಡಿದು. ಚೂರಿನ ಗುಡ್ಡೆಯಲ್ಲೇ ಮರಿ ಹಾಕುತ್ತಿದ್ದವು. ಊರಿಗೆಲ್ಲ ಗೊತ್ತಾದರೆ ಗಿರಾಕಿ ಬರುವುದಿಲ್ಲ ಎಂದು ನಿನಗೂ ಹೇಳಲಿಲ್ಲ. ನಿನಗೆ ಹೇಳಿದರೆ ಮೂಗು ಮುರಿಯುತ್ತೀಯ ಎಂಬುದೂ ಒಂದು.

ಆದರೆ ನಮ್ಮ ಪೆಟ್ಟಿಗೆಯಲ್ಲಿ ಹೋಗಿರಲು ಸಾಧ್ಯವಿಲ್ಲ ಅಲ್ಲವಾ? ನೀನೇ ತಪಾಸಣೆ ಮಾಡಿದೆ ಎಂದು ಬರೆದಿದ್ದೀಯ. ಆ ಕಾಗದ ಹುಡುಕಿ ಮತ್ತೆ ಮತ್ತೆ ಓದಿದೆ. "ತಪಾಸಣೆ ಎಲ್ಲ ಮುಗಿಸಿಯೇ ಕೋಣೆಗೆ ತಂದೆ." ಅಷ್ಟು ಸಾಕು ನನಗೆ. ನೀನು ಸುಮ್ಮನಿರು. ಆದದ್ದು ಆಗಿ ಹೋಯಿತು, ಆ ಮನುಷ್ಯನೇ ಒಪ್ಪಿ ಸಹಿ ಹಾಕಿದ್ದಾನೆ. ನೀನು ಮೈಮೇಲೆ ಎಳೆದುಕೊಳ್ಳಬೇಡ.

ಅಕ್ಕ


ಜನವರಿ 8

ಅಕ್ಕ,

ಇಲ್ಲ. ಮಾಡಲಿಲ್ಲ.

ಪೆಟ್ಟಿಗೆ ತಪಾಸಣೆ ಕೋಣೆಯಲ್ಲಿ ನನ್ನ ಮುಂದೆ ಇತ್ತು, ಬಾಗಿಲು ಹಾಕಿತ್ತು. ಮೇಲಿನ ಹಗ್ಗ ಬಿಚ್ಚಿದೆ, ಸ್ವೆಟರಿನ ತೋಳು ಕಂಡಿತು. ಅದು ಫ್ರೀಜರಿಗೆ ಹೋಗಬೇಕು. ಎರಡು ದಿನ ಬಿಟ್ಟು ತೆಗೆದರೆ ಮೀನಿನ ವಾಸನೆ. ಇನ್ನೊಂದು ಸಲ ಅಮ್ಮ ಸತ್ತ ಹಾಗೆ ಅನ್ನಿಸಿತು. ಪೆಟ್ಟಿಗೆಯನ್ನು ಹಾಗೇ ಮುಚ್ಚಿ, ಪುಸ್ತಕದಲ್ಲಿ "ತಪಾಸಣೆ ಆಗಿದೆ" ಎಂದು ಬರೆದು, ಮಳೆಯಲ್ಲಿ ನಾನು ಮಲಗುವ ಕೋಣೆಗೆ ಎತ್ತಿಕೊಂಡು ಹೋದೆ. ಅಕ್ಕ ಕಟ್ಟಿದ ಗಂಟಿನಲ್ಲಿ ಏನಿರುತ್ತದೆ ಎಂದುಕೊಂಡೆ. ಅದೇ ಹೊತ್ತಿಗೆ ಅಡುಗೆಯವರು ಹಿಟ್ಟಿನ ಮೂಟೆಯನ್ನು ಮೆಟ್ಟಿಲ ಮೇಲೆ ಇಟ್ಟಿದ್ದು. ಅರ್ಧ ಗಂಟೆಯ ನಂತರ ಹೋಗಿ ಅವರಿಗೆ ಉಗಿದೆ. ಬೇಲಿಯೇ ಎದ್ದು ಹೊಲ ಮೇಯ್ದು, ದನಕ್ಕೆ ಹೊಡೆದ ಹಾಗೆ.

ಹರಿದ ಪ್ಯಾಕೆಟ್ ನೋಡಿದಾಗಲೇ ನನಗೆ ಅನುಮಾನ ಬಂದಿತ್ತು. ಇಲಿ ಕಡಿದದ್ದು ಹೇಗಿರುತ್ತದೆ ಎಂದು ನಿನಗಿಂತ ನನಗೆ ಚೆನ್ನಾಗಿ ಗೊತ್ತು, ಅದೇ ನನ್ನ ಕಸುಬು. ನೀನು ತಿಂದೆಯಾ ಎಂದು ತಮಾಷೆ ಬರೆದೆ. ನೀನು ಬೈದು ಬರೆದದ್ದು ನೋಡಿ ಸಮಾಧಾನವಾಯಿತು.

ವರದಿ ಬರೆಯುವ ಹಿಂದಿನ ದಿನ ನನ್ನ ಕೋಣೆಯ ನೆಲದ ಹಲಗೆ ಕೀಳಿಸಿದೆವು, ವಾಸನೆ ಬರುತ್ತಿತ್ತು ಎಂದು. ಕಿತ್ತವರು ಅಡುಗೆಯವರೇ. ಕೆಳಗೆ ಇಲಿಯ ಗೂಡು. ಕಾಗದದ ಚೂರಿನಿಂದ ಉಂಡೆ ಕಟ್ಟಿದ್ದು, ಎಲ್ಲ ಕೆಂಪು ಅಂಚು. ಒಳಗೆ ಕಣ್ಣು ಬಿಡದ ಆರು ಮರಿ, ಪಕ್ಕದಲ್ಲಿ ಓಡುಕೋಳಿಯ ಒಂದು ಕಾಲು. ಅವರು ಚೂರನ್ನು ಹಿಡಿದು, "ಇದೇನು ಮೇಡಂ, ಇಂಥ ಕಾಗದ ನಮ್ಮಲ್ಲಿ ಇಲ್ವಲ್ಲ?" ಎಂದರು. ಅವರ ಕೈಯಿಂದ ಕಿತ್ತುಕೊಂಡು ಒಲೆಗೆ ಹಾಕಿದೆ. ಮರುದಿನ ಹಿಟ್ಟಿನ ಮೂಟೆ ಎಂದು ಬರೆದೆ. ನನ್ನ ಬಗ್ಗೆ ನನಗೆ ಎಂಥ ಹೇಸಿಗೆ ಬಂದಿದೆ ಎಂದರೆ, ಕನ್ನಡಿ ತಿರುಗಿಸಿ ಇಟ್ಟಿದ್ದೇನೆ.

ಈಗ ಕೇಳು. ಉಳಿದದ್ದು ಮೂವತ್ತೊಂದು. ಏಪ್ರಿಲ್‌ನಲ್ಲಿ ದ್ವೀಪದ ತುಂಬ ಇಲಿ ವಿಷ ಹಾಕುತ್ತಾರೆ. ಅಷ್ಟರೊಳಗೆ ಹಕ್ಕಿಗಳನ್ನೆಲ್ಲ ಹಿಡಿದು ತಂತಿ ಗೂಡಿಗೆ ಸೇರಿಸದಿದ್ದರೆ ಅವೂ ತಿಂದು ಸಾಯುತ್ತವೆ. ನಮ್ಮ ಬೋನಿಗೆ ಆರು ವಾರದಲ್ಲಿ ಬಿದ್ದದ್ದು ಎರಡು, ಎರಡೂ ಹೆದರಿ ಸತ್ತವು. ಮೆಟ್ಟಿಲ ಮೇಲೆ ಕೂತು ನಾಲಿಗೆ ಒಣಗುವವರೆಗೆ ಲೊಚ್ ಲೊಚ್ ಎಂದೆ. ಪೊದೆ ಅಲ್ಲಾಡಲಿಲ್ಲ.

ನಿನ್ನ ಕಾಗದ ಓದಿದ ದಿನವೇ ಕೆಮ್ಮು ಸಾಹೇಬರಿಗೆ ಎಲ್ಲ ಹೇಳಿದೆ, ಅಡುಗೆಯವರನ್ನು ಕರೆಸಿ ಎಂದೆ. ಮೂರು ಸಲ ಕೆಮ್ಮಿ, "ವರದಿ ಹೋಗಿ ಆಗಿದೆ. ಅದನ್ನ ಒಪ್ಕೊಂಡೂ ಆಗಿದೆ. ಇಲಿ ಯಾರ ಮೂಟೇಲಿ ಬಂದ್ರೇನು, ಇಲಿ ಇಲಿನೇ. ಈಗ ಬದಲಾಯಿಸಿದ್ರೆ ನನ್ನ ಸಹಿಗೂ ಮರ್ಯಾದೆ ಇರಲ್ಲ" ಎಂದರು. ಅವರ ಮುಖಕ್ಕೆ ಉಗಿಯಬೇಕು ಎನ್ನಿಸಿತು. ನನಗೆ ಆ ಅರ್ಹತೆ ಎಲ್ಲಿದೆ?

ಜೊತೆಯಲ್ಲಿ ಎರಡು ಲಕೋಟೆ ಇವೆ. ಒಂದು ಮುಖ್ಯ ಕಚೇರಿಗೆ, ನಡೆದದ್ದೆಲ್ಲ ಬರೆದು ಸಹಿ ಹಾಕಿದ್ದೇನೆ. ಇಲ್ಲಿಯ ಟಪಾಲು ಚೀಲಕ್ಕೆ ಹಾಕಿದರೆ ಸಾಹೇಬರ ಕೈಗೇ ಹೋಗುತ್ತದೆ, ಅದಕ್ಕೇ ಹಡಗಿನವರ ಕೈಯಲ್ಲಿ ನಿನಗೆ ಕಳಿಸಿದ್ದೇನೆ. ನೀನೇ ಹೋಗಿ ಕೊಡು. ಇನ್ನೊಂದು ಅಡುಗೆಯವರಿಗೆ, ವಿಳಾಸ ಮೇಲಿದೆ. ಅವರಿಗೆ ಅಕ್ಷರ ನಿಧಾನ, ನೀನೇ ಓದಿ ಹೇಳು.

ನನ್ನ ಕೆಲಸ ಹೋಗುತ್ತದೆ. ಹೋಗಲಿ. ಈ ಸಲ ನನ್ನನ್ನು ಉಳಿಸಲು ಹೋಗಬೇಡ ಅಕ್ಕ, ಕಾಲಿಗೆ ಬೀಳುತ್ತೇನೆ.

ಸಿಡುಕಿ


ಫೆಬ್ರವರಿ 9

ಸಿಡುಕಿ,

ನಿಜ ಹೇಳುತ್ತೇನೆ, ನಿನಗೆ ಸುಳ್ಳು ಹೇಳಿ ಹೇಳಿ ನನಗೂ ಸಾಕಾಗಿದೆ. ಕಚೇರಿಯ ಲಕೋಟೆಯನ್ನು ಮೂರು ದಿನ ಪ್ರೆಸ್ಸಿನ ಕೆಳಗೆ, ರಟ್ಟುಗಳ ನಡುವೆ ಬಚ್ಚಿಟ್ಟಿದ್ದೆ. ಹಕ್ಕಿ ಹೋದರೆ ಹೋಗಲಿ, ನನ್ನ ತಂಗಿ ಬೀದಿಗೆ ಬೀಳಬಾರದು ಎಂದು. ನಾಲ್ಕನೆಯ ದಿನ ಭಾವ ಬೋನಿನಿಂದ ಇಲಿ ತೆಗೆದು ನೀರಿಗೆ ಹಾಕುತ್ತಿದ್ದರು. ಅದರ ಮೂತಿ ನೋಡಿದೆ. ನೀನು ಬರೆದ ಮರಿಯ ಬೆನ್ನು ಕಣ್ಣ ಮುಂದೆ ಬಂತು. ಚಪ್ಪಲಿ ಮೆಟ್ಟಿಕೊಂಡು ಹೊರಟೆ.

ಮೊದಲು ಅಡುಗೆಯವರ ಹತ್ತಿರ ಹೋದೆ. ಒಂದು ವಿದ್ಯಾರ್ಥಿನಿಲಯದ ಅಡುಗೆಮನೆಯಲ್ಲಿ ಪಾತ್ರೆ ಉಜ್ಜುತ್ತಿದ್ದಾರೆ. ಅಡುಗೆ ಕೆಲಸ ಕೊಟ್ಟಿಲ್ಲ, ಹಳೆಯ ಕೆಲಸದಿಂದ ಯಾಕೆ ತೆಗೆದರು ಎಂದು ಕೇಳಿ ತಿಳಿದುಕೊಂಡರಂತೆ. ಇಲಿ ತಂದವನ ಕೈಗೆ ಹಿಟ್ಟು ಕೊಡುವುದು ಹೇಗೆ ಎಂದರಂತೆ. ಹಿತ್ತಲಿನಲ್ಲಿ ನಿಂತೇ ಓದಿ ಹೇಳಿದೆ. ಉಜ್ಜುವುದನ್ನು ನಿಲ್ಲಿಸಲಿಲ್ಲ.

"ನಿಮ್ಮ ಅಂಗಡಿಗೆ ಬಂದ ದಿನಾನೇ ನನಗೆ ಗೊತ್ತಾಯ್ತಮ್ಮ" ಎಂದರು.

"ಮತ್ತೆ ಯಾಕೆ ಬಾಯಿ ಬಿಡಲಿಲ್ಲ?"

"ಯಾರು ನಂಬ್ತಾರೆ? ಅಡುಗೆಯವನು ತಪ್ಪು ಮುಚ್ಕೊಳೋಕೆ ಮೇಡಂ ಮೇಲೆ ಹೇಳ್ತಾನೆ ಅಂತಾರೆ. ಅವರಾಗೇ ಹೇಳ್ಬೇಕಿತ್ತು. ಹೇಳ್ತಾರೆ ಅಂತ ಕಾದೆ."

ಆಮೇಲೆ ಎಷ್ಟು ಉಳಿದಿವೆ ಎಂದು ಕೇಳಿದರು. ಮೂವತ್ತೊಂದು ಎಂದೆ. ಕೈಯಲ್ಲಿದ್ದ ಪಾತ್ರೆಯನ್ನು ಕಲ್ಲಿಗೆ ಅಪ್ಪಳಿಸಿದರು. ನನಗೆ ಹೆದರಿಕೆಯಾಯಿತು. ಪಾತ್ರೆಯನ್ನು ಮತ್ತೆ ಎತ್ತಿಕೊಂಡು, "ಕರೆದ್ರೆ ಹೋಗ್ತೀನಿ. ಅವು ಏನು ಮಾಡಿದ್ವು ಪಾಪ. ಆದ್ರೆ ನಿಮ್ಮ ತಂಗಿ ಕ್ಷಮಿಸಿ ಗಿಮಿಸಿ ಅಂತ ನನ್ನ ಮುಂದೆ ಬರೋದು ಬೇಡ. ನನಗೆ ವಾಕರಿಕೆ ಬರುತ್ತೆ" ಎಂದರು. ಅವರ ಮಾತನ್ನು ಹಾಗೇ ಬರೆದಿದ್ದೇನೆ, ಸಿಹಿ ಹಚ್ಚಿಲ್ಲ.

ಕಚೇರಿಯಲ್ಲಿ ನಿನ್ನ ಕಾಗದ ನಾಲ್ಕು ಮೇಜು ಹತ್ತಿ ಇಳಿಯಿತು. ಹಕ್ಕಿ ಪೂರ್ತಿ ಹೋದರೆ ತಮ್ಮ ತಲೆಗೇ ಬರುತ್ತದೆ ಎಂದು ಗೊತ್ತಾದ ಮೇಲೆ ಎಲ್ಲರಿಗೂ ಚುರುಕು ಬಂತು. ಈ ಹಡಗಿಗೇ ಅಡುಗೆಯವರನ್ನು ಕಳಿಸುತ್ತಿದ್ದಾರೆ. ನಿನ್ನನ್ನು ಏಪ್ರಿಲ್ ಹಡಗಿಗೆ ವಾಪಸ್ಸು ಕರೆಸಿದ್ದಾರೆ, ಮತ್ತೆ ಕೆಲಸ ಇಲ್ಲ.

ಅಂಗಡಿ ಮುಚ್ಚಿ ಎರಡು ದಿನ ಚೂರನ್ನೆಲ್ಲ ಸುಟ್ಟೆವು. ಶಾಲೆಯವರಿಗೂ ನಿಜ ಹೇಳಿದೆ. ಮುಖ ಕಿವಿಚಿದರು. ಕಿವಿಚಲಿ. ನಿನ್ನ ಹಾಸಿಗೆ ಹಾಕಿಟ್ಟಿರುತ್ತೇನೆ, ಬಾ.

ಅಕ್ಕ


ಏಪ್ರಿಲ್ 1

ಅಕ್ಕ,

ನಾಳೆ ಹೊರಡುತ್ತೇನೆ. ಈ ಕಾಗದವೂ ನಾನೂ ಒಂದೇ ಹಡಗಿನಲ್ಲಿ ಬರುತ್ತೇವೆ. ಆದರೂ ಬರೆಯುತ್ತಿದ್ದೇನೆ, ನಿನ್ನ ಎದುರು ಕೂತು ಬಾಯಲ್ಲಿ ಹೇಳಲು ನನಗೆ ಆಗುವುದಿಲ್ಲ.

ಅಡುಗೆಯವರು ಆರೂವರೆ ವಾರ ಬೆಳಗ್ಗೆ ಸಂಜೆ ಮೆಟ್ಟಿಲ ಮೇಲೆ ಕೂತರು. ಮೊದಲ ನಾಲ್ಕು ದಿನ ಒಂದೂ ಬರಲಿಲ್ಲ. ಅವರನ್ನೂ ಮರೆತಿದ್ದವು. ಐದನೆಯ ದಿನ ಒಂದು ಬಂತು, ಒಂದು ಕಣ್ಣಿಲ್ಲದ್ದು. ಅವರ ಚಪ್ಪಲಿಯ ಮೇಲೆ ಹತ್ತಿ ಕೂತಿತು. ಅವರು ಅದನ್ನು ಎತ್ತಿಕೊಂಡು ಎದೆಗೆ ಒತ್ತಿ ಹಿಡಿದು, ನಾನು ಇದ್ದೇನೆ ಎನ್ನುವುದನ್ನೂ ಲೆಕ್ಕಿಸದೆ ಅತ್ತರು. ನಾನು ಗೂಡಿನ ಬಾಗಿಲು ತೆರೆದು ಹಿಡಿದಿದ್ದೆ. ಅದಷ್ಟೇ ನನ್ನ ಕೆಲಸವಾಗಿತ್ತು, ಬಾಗಿಲು ತೆರೆಯುವುದು, ಹಿಕ್ಕೆ ಬಳಿಯುವುದು, ಬಳೆಯ ಸಂಖ್ಯೆ ಬರೆಯುವುದು. ಇಷ್ಟು ದಿನದಲ್ಲಿ ಅವರು ನನ್ನೊಂದಿಗೆ ಒಂದು ಮಾತೂ ಆಡಲಿಲ್ಲ. ನೀನು ಬರೆದಿದ್ದೆಯಲ್ಲ, ನಾನೂ ಬಾಯಿ ತೆರೆಯಲಿಲ್ಲ. ಊಟದ ತಟ್ಟೆಯನ್ನು ಮಾತ್ರ ಎಲ್ಲರಿಗೂ ಇಟ್ಟಂತೆ ನನಗೂ ಇಡುತ್ತಿದ್ದರು.

ಇವತ್ತು ಬೆಳಗ್ಗೆ ಕೊನೆಯದು ಸಿಕ್ಕಿತು. ನಾಳೆ ವಿಷ ಹಾಕುತ್ತಾರೆ, ಇನ್ನು ಹೊರಗೆ ಉಳಿದಿದ್ದರೆ ಅದು ಸತ್ತ ಲೆಕ್ಕ. ಎಲ್ಲ ಸೇರಿ ಹತ್ತೊಂಬತ್ತು. ಏಳು ಹೆಣ್ಣು, ಹನ್ನೆರಡು ಗಂಡು. ಇದರಲ್ಲಿ ವಂಶ ಉಳಿಯುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಕೆಮ್ಮು ಸಾಹೇಬರು ಬಂದು ಕೆಮ್ಮಿ, "ಒಳ್ಳೆ ಕೆಲಸ" ಎಂದು ನನ್ನ ಕೈ ಕುಲುಕಲು ಬಂದರು. ನಾನು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡೆ.

ಅವರು ಹೋದ ಮೇಲೆ ಅಡುಗೆಯವರು ಮೊದಲ ಸಲ ನನ್ನ ಕಡೆ ತಿರುಗಿದರು.

"ಮೇಡಂ, ಆ ವರದಿ ಬರೆದ ದಿನ ಎಷ್ಟಿದ್ವು?"

ಅವರಿಗೆ ಗೊತ್ತಿಲ್ಲದ್ದಲ್ಲ. ಅವರೇ ನನ್ನ ಜೊತೆ ಬಗ್ಗಿ ಬಗ್ಗಿ ಎಣಿಸಿದವರು. ನನ್ನ ಬಾಯಿಂದ ಬರಬೇಕಿತ್ತು.

"ನೂರ ನಲವತ್ತು" ಎಂದೆ.

"ಅವತ್ತು ನಾನು ಇಲ್ಲೇ ಇದ್ದೆ" ಎಂದು ಹೇಳಿ, ಹಕ್ಕಿಗಳಿಗೆ ನೀರು ಇಡಲು ಹೋದರು.

ಸಿಡುಕಿ